ನೀಲಿ ಶಾವಿಗೆ, ಮುರಿದ ಬೆರಳು, ಬೀಟ್ರೂಟ್ ರಕ್ತ: ನಮ್ಮ ಮನೆಯ ಹ್ಯಾಲೋವೀನ್ ಊಟ

ಅಕ್ಟೋಬರ್ 31ಕ್ಕೆ ಅಮೆರಿಕದಲ್ಲಿ ಹ್ಯಾಲೋವೀನ್, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳುವ ಹಬ್ಬ. 2023ರ ಹ್ಯಾಲೋವೀನ್ ಊಟ ಪಿಜ್ಜಾ ಡಬ್ಬಿಯಲ್ಲಿ ಮುಗಿದಿತ್ತು. ಲಿಚಿ ಹಣ್ಣಿನ ಬೀಜ ತೆಗೆದು, ಆ ತೂತಿಗೆ ಬ್ಲೂಬೆರಿ ತುರುಕಿ ಕಣ್ಣುಗುಡ್ಡೆ ಮಾಡಿದ್ದೆ. ತುಂಬಾ ಚೆನ್ನಾಗಿ ಬಂದಿತ್ತು, ಅದೇ ಎಡವಟ್ಟಾಯಿತು. ಬೆಳ್ಳಗೆ, ಒದ್ದೆಯಾಗಿ, ತಟ್ಟೆ ಅಲ್ಲಾಡಿಸಿದರೆ ತಿರುಗಿ ನೋಡುವ ಕಣ್ಣು. ಆಗ ನಾಲ್ಕು ವರ್ಷದ ಮಗ ತಟ್ಟೆ ನೋಡಿದ, ನನ್ನ ಮುಖ ನೋಡಿದ, ಮಾತಿಲ್ಲದೆ ಮೇಜಿನ ಕೆಳಗೆ ಹೋಗಿ ಕೂತ. ಅವನನ್ನು ನೋಡಿ ಇನ್ನಿಬ್ಬರು ಇಳಿದರು. ಆಮೇಲೆ ಪಿಜ್ಜಾ ತರಿಸಿದೆವು. ಲಿಚಿ ಅಷ್ಟನ್ನೂ ನಾನು ಮತ್ತು ಯಜಮಾನರು ರಾತ್ರಿ ಹನ್ನೊಂದಕ್ಕೆ ಕೂತು ತಿಂದೆವು.

ಹಾಗಾಗಿ 2024ರದ್ದು ಹೊಸ ಊಟ ಅಲ್ಲ, ಕೆಟ್ಟು ಹೋದ ಊಟದ ರಿಪೇರಿ. ಇಟ್ಟುಕೊಂಡ ನಿಯಮ ಒಂದೇ. ನೋಡೋಕೆ ದೆವ್ವ, ಬಾಯಿಗಿಟ್ಟರೆ ದಿನಾ ತಿನ್ನುವ ತಿಂಡಿ. ನಾಲಿಗೆಗೆ ಹೊಸದೇನೂ ಇರಬಾರದು. ಆಮೇಲೆ, ದೆವ್ವವನ್ನು ಆದಷ್ಟು ಮಕ್ಕಳ ಕೈಯಲ್ಲೇ ಮಾಡಿಸಬೇಕು. ತಾನೇ ಅಂಟಿಸಿದ ಕಣ್ಣಿಗೆ ತಾನೇ ಹೆದರುವುದು ಕಷ್ಟ ಅಂತ ನನ್ನ ಲೆಕ್ಕ.

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಊಟಕ್ಕೆ ಆರು ಮಕ್ಕಳು, ನಾಲ್ಕು ವರ್ಷದಿಂದ ಒಂಬತ್ತರವರೆಗೆ. ಅವರಲ್ಲಿ ಒಬ್ಬಳಿಗೆ ಕಡಲೆಕಾಯಿ, ಬಾದಾಮಿ, ಗೋಡಂಬಿ ಯಾವುದೂ ಆಗುವುದಿಲ್ಲ. ಜೊತೆಗೆ ಈ ಸಲ ಸಾಗರದಿಂದ ಬಂದ ನಮ್ಮ ಅತ್ತೆ. ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಿದ್ದಿತ್ತು. ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ಹ್ಯಾಲೋವೀನ್.

"ಅಲ್ಲ ಮಾರಾಯ್ತಿ, ಹಬ್ಬದ ದಿನ ಯಾರಾದ್ರೂ ಮನೆಗೆ ದೆವ್ವ ಕರೀತಾರಾ?" ಅಂದರು ಅತ್ತೆ.

"ನರಕಾಸುರ ಹೇಗೂ ಬರ್ತಾನಲ್ಲ ಅತ್ತೆ, ಜೊತೆಗೆ ನಾಲ್ಕು ಜನ" ಅಂದೆ. ಅವರಿಗೆ ನಗು ಬಂತು, ಆದರೆ ಒಪ್ಪಿದರು ಅಂತ ಹೇಳಲಾರೆ.

ಅಕ್ಟೋಬರ್ 26, ಶನಿವಾರ. ಕುಂಬಳಕಾಯಿ.

ಎರಡು ತಂದೆವು. ಕೆತ್ತುವುದಕ್ಕೆ ದೊಡ್ಡದು, ಅಡುಗೆಗೆ ಚಿಕ್ಕದು. ಮೊದಲ ವರ್ಷ ಗೊತ್ತಿಲ್ಲದೆ ದೊಡ್ಡದರ ತಿರುಳಿನಲ್ಲೇ ಹುಳಿ ಮಾಡಿದ್ದೆ. ಬರೀ ನಾರು, ನೀರು, ರುಚಿ ಸೊನ್ನೆ. ಅದನ್ನು ಬೆಳೆಸುವುದೇ ಕೆತ್ತುವುದಕ್ಕೆ. ಇಲ್ಲಿಯವರು ಪೈ ಮಾಡುವ ಪುಟ್ಟ ಕಾಯಿ ನಮ್ಮ ಸಿಹಿಗುಂಬಳಕ್ಕೆ ಹತ್ತಿರ, ಪಲ್ಯಕ್ಕೂ ಹುಳಿಗೂ ಆಗುತ್ತದೆ.

ಎಲ್ಲರೂ ತೊಟ್ಟಿನ ಸುತ್ತ ಮುಚ್ಚಳ ಕೊಯ್ಯುತ್ತಾರೆ. ನಾನು ಈಗ ಬುಡ ಕೊಯ್ಯುತ್ತೇನೆ. ಕಾಯಿ ಬಾಡುತ್ತಾ ಹೋದರೆ ಮೇಲಿನ ಮುಚ್ಚಳ ಒಳಗೆ ಬೀಳುತ್ತದೆ, ಬುಡದ್ದಕ್ಕೆ ಆ ಕಾಟವಿಲ್ಲ. ದೀಪದ ಮೇಲೆ ಕಾಯಿಯನ್ನು ಸುಮ್ನೆ ಕವುಚಿದರೆ ಆಯಿತು. ಮುಖ ಬರುವ ಕಡೆ ಒಳಗಿನಿಂದ ಚಮಚದಲ್ಲಿ ಕೆರೆದು ಒಂದು ಇಂಚು ದಪ್ಪಕ್ಕೆ ತಂದರೆ ಚಾಕು ಸಲೀಸಾಗಿ ಹೋಗುತ್ತದೆ.

ಐರ್ಲೆಂಡಿನಲ್ಲಿ ಮೊದಲು ಟರ್ನಿಪ್ ಗೆಡ್ಡೆ ಕೆತ್ತುತ್ತಿದ್ದರು, ಅಮೆರಿಕಕ್ಕೆ ಬಂದ ಮೇಲೆ ಕುಂಬಳಕಾಯಿ ಸಿಕ್ಕಿತು ಅಂತ ಮಗಳು ಅಜ್ಜಿಗೆ ಪಾಠ ಹೇಳಿದಳು. ಅಜ್ಜಿ ಕೇಳಿಸಿಕೊಂಡು, "ನಾವು ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ ರಸ್ತೆ ಮಧ್ಯ ಒಡೀತೀವಿ, ನಿಮ್ಮದಕ್ಕಿಂತ ನಮ್ಮದೇ ಭಯಂಕರ" ಅಂದರು. ನಿಜ. ಆಯುಧಪೂಜೆಯ ಮರುದಿನ ಬೆಂಗಳೂರಿನ ಯಾವ ರಸ್ತೆ ನೋಡಿದರೂ ಯಾರನ್ನೋ ಕೊಂದು ಹಾಕಿದ ಹಾಗೆ ಇರುತ್ತದೆ. ಕಟ್ಟುತ್ತಿರುವ ಮನೆಯ ಮುಂದೆ ನಾಲಿಗೆ ಚಾಚಿ ನೇತಾಡುವ ದೃಷ್ಟಿಬೊಂಬೆ ಬೇರೆ. ಅದು ನೆನಪಾಗಿ ಮಗಳು ನಮ್ಮ ಕುಂಬಳಕ್ಕೂ ಕೆಂಪು ಕಾಗದದ ನಾಲಿಗೆ ಇಟ್ಟಳು, ಮೇಲೆ ಗಿರಿಜಾ ಮೀಸೆ. ಬೀದಿಯಲ್ಲಿ ಮೀಸೆ ಇದ್ದ ಕುಂಬಳಕಾಯಿ ನಮ್ಮದೊಂದೇ.

ಒಂದು ತಪ್ಪು ಮಾಡಿದೆ. ಐದು ದಿನ ಮೊದಲೇ ಕೆತ್ತಿದ್ದು. ಆ ಅಕ್ಟೋಬರ್ ಇಲ್ಲಿ ಒಂದು ಹನಿ ಮಳೆ ಇಲ್ಲ, ಬಿಸಿಲೋ ಬಿಸಿಲು. ಮಂಗಳವಾರದ ಹೊತ್ತಿಗೆ ಒಳಗೆ ಬೂಷ್ಟು, ಬಾಯಿ ಒಳಗೆ ಹೋಗಿ ಹಲ್ಲು ಬಿದ್ದ ಮುದುಕನ ಹಾಗಾಯಿತು. ಮಕ್ಕಳಿಗೆ ಅದೇ ಇಷ್ಟವಾದ್ದರಿಂದ ಬಿಟ್ಟೆ. ಚೆನ್ನಾಗಿರಬೇಕು ಅಂದರೆ ಎರಡು ದಿನ ಮೊದಲು ಸಾಕು.

ಬೀಜ ಎಸೆಯಲಿಲ್ಲ. ತೊಳೆದು ಬಟ್ಟೆ ಮೇಲೆ ಹರವಿದೆ. ಅವುಗಳ ಕೆಲಸ ಮರುದಿನ.

ಅಕ್ಟೋಬರ್ 27, ಭಾನುವಾರ. ಬೆರಳು.

ಇಲ್ಲಿ ಮಾಟಗಾತಿಯ ಬೆರಳು ಅಂತ ಬಿಸ್ಕತ್ತು ಮಾಡುತ್ತಾರೆ, ತುದಿಗೆ ಬಾದಾಮಿ ಉಗುರು. ನಮಗೆ ಬಾದಾಮಿ ಆಗುವ ಹಾಗಿಲ್ಲ. ಸಿಪ್ಪೆ ಸಮೇತ ಕುಂಬಳದ ಬೀಜ ನೋಡಿ, ಬಾದಾಮಿಗಿಂತ ಅದೇ ಉಗುರಿನ ಹಾಗಿದೆ. ಬೆಳ್ಳಗೆ, ಚೂಪಾಗಿ, ಅಂಚಿನಲ್ಲಿ ಸಣ್ಣ ಗೆರೆ. ಬಿಸ್ಕತ್ತಿನ ಬದಲು ಕೋಡುಬಳೆ ಹಿಟ್ಟು: ಎರಡು ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ಚಿರೋಟಿ ರವೆ, ಕಾಲು ಲೋಟ ಹುರಿಗಡಲೆ ಪುಡಿ, ಕೊಬ್ಬರಿ-ಮೆಣಸಿನಕಾಯಿ ರುಬ್ಬಿದ್ದು, ಮೂರು ಚಮಚ ಕಾದ ಎಣ್ಣೆ. ಹುರಿಗಡಲೆ, ಕೊಬ್ಬರಿ ಎರಡೂ ಆಗುತ್ತದಾ ಅಂತ ಆ ಹುಡುಗಿಯ ಅಮ್ಮನನ್ನು ಫೋನಲ್ಲಿ ಕೇಳಿಕೊಂಡೇ ಶುರು ಮಾಡಿದ್ದು.

ಮೊದಲ ಸುತ್ತು, ನಿಜವಾದ ಬೆರಳಿನಷ್ಟೇ ದಪ್ಪ ಹೊಸೆದೆ. ಅತ್ತೆ, "ಸಿಡಿಯುತ್ತೆ ನೋಡು" ಅಂದರು. ಅವರು ಹೇಳಿ ಬಾಯಿ ಮುಚ್ಚುವುದರೊಳಗೆ ಬಾಣಲೆಯಲ್ಲಿ ಪಟ್ ಅಂತ ಸದ್ದು. ಅಕ್ಕಿಹಿಟ್ಟಿನ ದಪ್ಪ ಉಂಡೆಯೊಳಗೆ ಹಬೆ ಸಿಕ್ಕಿಹಾಕಿಕೊಂಡರೆ ಹೊರಗೆ ಬರಲು ದಾರಿ ಇರುವುದಿಲ್ಲ. ಎಣ್ಣೆ ಒಲೆಯ ಹಿಂದಿನ ಗೋಡೆಯವರೆಗೆ ಹಾರಿತು. ಪುಣ್ಯಕ್ಕೆ ಮಕ್ಕಳು ಹಿತ್ತಲಿನಲ್ಲಿದ್ದರು. ಉಳಿದವನ್ನು ಮುರಿದು ನೋಡಿದರೆ ಮೇಲೆ ಕೆಂಪು, ಒಳಗೆ ಹಸಿ ಹಿಟ್ಟು.

ಎರಡನೇ ಸುತ್ತು ಪೆನ್ಸಿಲ್ ದಪ್ಪ, ಸಣ್ಣ ಉರಿ. ಬೆಂದಿತು. ಆದರೆ ಒತ್ತಿದ್ದ ಬೀಜಗಳು ಒಂದೊಂದೇ ಕಳಚಿ ಎಣ್ಣೆಯಲ್ಲಿ ತೇಲಿ ಕರಕಲಾದವು. ಉಗುರು ಕಿತ್ತ ಬೆರಳು. ಅದೂ ಹೆದರಿಸುತ್ತದೆ ಅನ್ನಿ, ಆದರೆ ನಾನು ಅಂದುಕೊಂಡಿದ್ದು ಅದಲ್ಲ.

ಮೂರನೇ ಸುತ್ತಿಗೆ ದಾರಿ ತೋರಿಸಿದ್ದು ಅತ್ತೆ. ಹಸಿ ಹಿಟ್ಟಿನ ತುದಿಗೆ ಬೀಜ ಒತ್ತಿ ಗುಳಿ ಮಾಡು, ಬೀಜ ತೆಗೆ, ಬರೀ ಬೆರಳು ಕರಿ. ಆರಿದ ಮೇಲೆ ಗುಳಿಗೆ ಗಟ್ಟಿ ಬೆಲ್ಲದ ಪಾಕ ಒಂದು ತೊಟ್ಟು ಬಿಟ್ಟು ಹುರಿದ ಬೀಜ ಕೂರಿಸು. ಪಾಕ ಉಂಡೆಗೆ ಬರುವಷ್ಟು ಗಟ್ಟಿ ಇರಬೇಕು, ಎಳೆಪಾಕ ಆದರೆ ಉಗುರು ಜಾರುತ್ತದೆ. ಉಗುರಿನ ಸುತ್ತ ಕಂದು ಬೆಲ್ಲ ಸ್ವಲ್ಪ ಉಕ್ಕಿ ನಿಂತಾಗ ವಾರಗಟ್ಟಲೆ ಕೈ ತೊಳೆಯದ ಮಾಟಗಾತಿಯೇ ಸರಿ. ಗಿಣ್ಣಿಗೆ ಚಾಕುವಿನ ಹಿಂಬದಿಯಲ್ಲಿ ಮೂರು ಗೀರು. ಮಗ ತನ್ನ ಬೆರಳನ್ನು ಪಕ್ಕದಲ್ಲಿಟ್ಟು, ಎಲ್ಲಿ ಮಡಿಸುತ್ತದೆ ಅಂತ ನೋಡಿ ನೋಡಿ ಗೀರಿದ. ಮೂವತ್ತೆರಡು ಬೆರಳು. ಉಗುರಿನ ಸಿಪ್ಪೆ ಗಟ್ಟಿ, ಅದನ್ನು ಕಿತ್ತು ಪಕ್ಕಕ್ಕಿಟ್ಟು ಉಳಿದದ್ದು ತಿನ್ನಬೇಕು ಅಂತ ಚಿಕ್ಕವರಿಗೆ ಮೊದಲೇ ಹೇಳಿಟ್ಟೆ.

ಅಕ್ಟೋಬರ್ 29, ಮಂಗಳವಾರ ರಾತ್ರಿ. ನೀಲಿ ಶಾವಿಗೆ.

ಇಡೀ ಊಟದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದು. ನೇರಳೆ ಎಲೆಕೋಸಿನ ಬಣ್ಣ ಹುಳಿಗೆ ಗುಲಾಬಿ ಆಗುತ್ತದೆ, ಸೋಡಾಕ್ಕೆ ನೀಲಿ, ಸೋಡಾ ಹೆಚ್ಚಾದರೆ ಹಸಿರು. ಆಂಥೋಸಯನಿನ್ ಅನ್ನುವ ಬಣ್ಣದ ಆಟ ಅದು. ಅಂದರೆ ನೀಲಿ ಶಾವಿಗೆಯ ಮೇಲೆ ನಿಂಬೆಹಣ್ಣು ಹಿಂಡಿದರೆ ತಟ್ಟೆಯಲ್ಲೇ ಮಾಟ. ನಿಂಬೆಹಣ್ಣು ಹಿಂಡಿದ ಶಾವಿಗೆ ಚಿತ್ರಾನ್ನ ನಮ್ಮ ಮಕ್ಕಳಿಗೆ ಗೊತ್ತಿರುವುದೇ.

ಅರ್ಧ ಎಲೆಕೋಸು ಹೆಚ್ಚಿ ನಾಲ್ಕು ಲೋಟ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿದೆ. ಬಣ್ಣ ಬಂತು, ಜೊತೆಗೆ ನಾತವೂ ಬಂತು. ಎಲೆಕೋಸು ಹೆಚ್ಚು ಬೆಂದಷ್ಟೂ ಗಂಧಕದ ವಾಸನೆ ಬಿಡುತ್ತದೆ. ಯಜಮಾನರು ಗ್ಯಾಸ್ ಸೋರುತ್ತಿದೆಯಾ ಅಂತ ಕೆಳಗಿಳಿದು ಬಂದರು. ಅದನ್ನು ಚೆಲ್ಲಿ, ಉಳಿದರ್ಧ ಹೆಚ್ಚಿ, ಕುದಿಯುವ ನೀರು ಸುರಿದು ಒಲೆ ಆರಿಸಿ ಹದಿನೈದು ನಿಮಿಷ ಮುಚ್ಚಿಟ್ಟೆ. ಬಣ್ಣ ಸಾಕಷ್ಟು, ವಾಸನೆ ಹೆಸರಿಗಷ್ಟೇ. ಸೋಸಿ, ಅಡುಗೆ ಸೋಡಾ ಎರಡು ಬೆರಳಿನಲ್ಲಿ ಹಿಡಿಯುವುದಕ್ಕಿಂತ ಕಡಿಮೆ ಹಾಕಿದೆ. ಕಾಲಿ ಶಾಯಿ ಬಾಟಲಿ ತೊಳೆದ ನೀರಿನ ಬಣ್ಣ ಬಂತು. ಅದನ್ನೇ ಕುದಿಸಿ ಒಣ ಅಕ್ಕಿ ಶಾವಿಗೆ ಹಾಕಿ ಮೂರು ನಿಮಿಷ ಬೇಯಿಸಿದೆ.

ಆಮೇಲೆ ಕೈ ತಾನಾಗಿ ಓಡಿತು. ಸಾಸಿವೆ, ಕಡಲೆಬೇಳೆ, ಕರಿಬೇವು, ಇಂಗು, ಅರಿಶಿನ. ಅರಿಶಿನ! ನೀಲಿಗೆ ಹಳದಿ ಬಿದ್ದು ಹಸಿರಾಯಿತು. ಚಂದದ ಹಸಿರೂ ಅಲ್ಲ, ಪಾಚಿ ಕಟ್ಟಿದ ತೊಟ್ಟಿಯ ಹಸಿರು. ಇಪ್ಪತ್ತು ವರ್ಷದ ಅಭ್ಯಾಸ ಹಾಗೆ ಹೋಗುವುದಿಲ್ಲ. ಗುರುವಾರದ ಶಾವಿಗೆಗೆ ಅರಿಶಿನದ ಡಬ್ಬಿಯನ್ನೇ ಬೇರೆ ಕಪಾಟಿನಲ್ಲಿಟ್ಟು ಒಗ್ಗರಣೆಗೆ ನಿಂತೆ. ಕಡಲೆಕಾಯಿಯೂ ಇಲ್ಲ.

ಅಕ್ಟೋಬರ್ 30, ಬುಧವಾರ. ಕಣ್ಣು ಮತ್ತು ಕೈ.

ಕಣ್ಣಿಗೆ ಮೊದಲು ಡಬ್ಬಿ ರಸಗುಲ್ಲ ಅಂದುಕೊಂಡಿದ್ದೆ. ಡಬ್ಬಿ ತಿರುಗಿಸಿ ಓದಿದರೆ, ಅದೇ ಕಾರ್ಖಾನೆಯಲ್ಲಿ ಪಿಸ್ತಾ, ಬಾದಾಮಿ ಬಳಸುತ್ತಾರೆ ಅಂತ ಸಣ್ಣಕ್ಷರದಲ್ಲಿತ್ತು. ಡಬ್ಬಿ ವಾಪಸ್ ಕಪಾಟಿಗೆ. ಅದೇ ಒಳ್ಳೆಯದಾಯಿತು, ಯಾಕೆಂದರೆ ಆಗಲೇ ಬಟನ್ ಇಡ್ಲಿ ಹೊಳೆದದ್ದು. ಬಟನ್ ಇಡ್ಲಿ ಕಣ್ಣುಗುಡ್ಡೆ, ಬೀಟ್ರೂಟ್ ಸಾರು ರಕ್ತ. ಮಕ್ಕಳ ಲೆಕ್ಕದಲ್ಲಿ ಅದು ಸುಮ್ನೆ ಇಡ್ಲಿ ಸಾಂಬಾರ್.

ಪಾಪೆಗೆ ಬೆಂದ ಕಪ್ಪು ಬೀನ್ಸ್ ಕಾಳು. ಹಸಿ ಹಿಟ್ಟಿನ ಮೇಲೆ ಇಟ್ಟರೆ ಕಾಳು ಮುಳುಗಿ ಹೋಯಿತು, ಬೆಂದ ಮೇಲೆ ನೋಡಿದರೆ ಹದಿನಾಲ್ಕೂ ಕುರುಡು. ಬೆಂದ ಇಡ್ಲಿಗೆ ಸ್ಟ್ರಾದಿಂದ ತೂತು ಮಾಡಿ ಇಟ್ಟರೆ ಇಡ್ಲಿ ಬಿರುಕು ಬಿಟ್ಟಿತು. ಕೊನೆಗೆ ಸರಿಹೋದದ್ದು ಹೀಗೆ: ಮೂರು ನಿಮಿಷ ಬೇಯಿಸಿ, ಒಲೆ ಆರಿಸಿ, ಹಬೆ ಹೋಗುವವರೆಗೆ ತಡೆದು ಮುಚ್ಚಳ ತೆಗೆಯಬೇಕು. ಆಗ ಹಿಟ್ಟಿನ ಅಂಚು ಗಟ್ಟಿ, ನಡು ಮಾತ್ರ ಇನ್ನೂ ಮೆತ್ತಗೆ. ಕಾಳನ್ನು ಅರ್ಧ ಮುಳುಗುವಷ್ಟು ಒತ್ತಿ, ಮುಚ್ಚಿ ಇನ್ನು ಐದು ನಿಮಿಷ. ಕಾಳಿನ ಸುತ್ತ ಹಿಟ್ಟು ಸ್ವಲ್ಪ ಉಬ್ಬಿ ರೆಪ್ಪೆಯ ಹಾಗೆ ಬರುತ್ತದೆ. ಹೊರಗಿಟ್ಟು ಆರಿದ ಮೇಲೆ ಬೀಟ್ರೂಟ್ ರಸದಲ್ಲಿ ಅದ್ದಿದ ಕಡ್ಡಿಯಿಂದ ಮಕ್ಕಳು ಕೆಂಪು ನರ ಎಳೆದರು. ನಿದ್ದೆಗೆಟ್ಟ ಕಣ್ಣು. "ಅಪ್ಪನ ಸೋಮವಾರದ ಕಣ್ಣು" ಅಂದಳು ಮಗಳು.

ಪರೀಕ್ಷೆಗೆ ಸಾರಿನಲ್ಲಿ ಬಿಟ್ಟಾಗ ಇನ್ನೊಂದು ತಮಾಷೆ. ಕಾಳು ಭಾರ, ಇಡ್ಲಿ ಹಗುರ. ಕಣ್ಣು ಮಗುಚಿಕೊಂಡು ಬೋರಲು ಬಿತ್ತು. ತೇಲಿಸುವ ಆಸೆ ಬಿಟ್ಟೆ. ಅಗಲ ತಟ್ಟೆಯಲ್ಲಿ ಇಡ್ಲಿ ಜೋಡಿಸಿ, ಅರ್ಧ ಮುಳುಗುವಷ್ಟು ಮಾತ್ರ ಸಾರು ಸುರಿದರೆ ಎಲ್ಲ ಕಣ್ಣೂ ಮೇಲೆ ನೋಡುತ್ತವೆ.

ಸಾರಿನ ಬಣ್ಣದ್ದೂ ಒಂದು ಗುಟ್ಟಿದೆ. ಬೀಟ್ರೂಟನ್ನು ಬೇಳೆ ಜೊತೆ ಹಾಕಿ ಕುದಿಸುತ್ತಾ ಹೋದರೆ ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಸ್ವಲ್ಪ ಬೀಟ್ರೂಟ್ ಹಸಿಯಾಗಿ ತುರಿದು ರಸ ಹಿಂಡಿಟ್ಟುಕೊಂಡು, ಹುಣಸೆಹಣ್ಣಿನ ರಸವೂ ಬಿದ್ದ ಮೇಲೆ, ಇಳಿಸುವ ಮುಂಚೆ ಹಾಕಬೇಕು. ಹುಳಿ ಇದ್ದರೆ ಆ ಕೆಂಪು ನಿಲ್ಲುತ್ತದೆ.

ರಾತ್ರಿ ಮಲಗುವ ಮುಂಚೆ ಪುಡಿ ಇಲ್ಲದ ಕೈಗವಸು ತೊಳೆದು ನೀರು ತುಂಬಿ ಫ್ರೀಜರಿಗೆ ಹಾಕಿದೆ.

ಅಕ್ಟೋಬರ್ 31, ಗುರುವಾರ.

ಬೆಳಗಿನ ಜಾವ ಐದಕ್ಕೇ ಅತ್ತೆ ಎಲ್ಲರನ್ನೂ ಎಬ್ಬಿಸಿ ತಲೆಗೆ ಎಣ್ಣೆ ಹಚ್ಚಿದರು. ಮಕ್ಕಳು ಅರ್ಧ ನಿದ್ದೆಯಲ್ಲೇ ಸ್ನಾನ ಮುಗಿಸಿ ಸ್ಕೂಲಿಗೆ ಹೋದರು. ನಾನು ರಜೆ ಹಾಕಿದ್ದೆ.

ಮೇಜಿಗೆ ರಕ್ತದ ಕಲೆ ಬೇಕಿತ್ತು. ಕೆಂಪು ಬಣ್ಣದ ಬಾಟಲಿ ತೆಗೆದಾಗ ಅತ್ತೆ ಕೈ ಹಿಡಿದರು. "ಅದೆಲ್ಲ ಯಾಕೆ, ಕುರ್ದಿ ನೀರು ಮಾಡಿದ್ರಾಯ್ತಲ್ಲ." ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಕಡುಕೆಂಪಾಗುವುದು ಆರತಿ ತಟ್ಟೆ ನೋಡಿದವರಿಗೆಲ್ಲ ಗೊತ್ತು. ಅದನ್ನೇ ರಕ್ತ ಮಾಡಬಹುದು ಅಂತ ನನಗೆ ಹೊಳೆದಿರಲಿಲ್ಲ. ದೆವ್ವ ಓಡಿಸುವುದಕ್ಕೆ ಇಳಿ ತೆಗೆಯುವ ನೀರಿನಲ್ಲೇ ದೆವ್ವದ ಊಟದ ಅಲಂಕಾರ! ಓಕ್ ಟ್ರೀ ರಸ್ತೆಯ ಪಾನ್ ಅಂಗಡಿಯಿಂದ ತಂದ ಸುಣ್ಣ ಮನೆಯಲ್ಲೇ ಇತ್ತು. ಅಡುಗೆ ಸೋಡಾ ಹಾಕಿಯೂ ನೋಡಿದೆ, ಕಿತ್ತಳೆಗೆಂಪು ಬರುತ್ತದೆ, ಅಷ್ಟು ಗಾಢ ಅಲ್ಲ. ಇದು ನೋಡುವುದಕ್ಕೆ ಮಾತ್ರ, ತಟ್ಟೆಗೆ ತಾಗಬಾರದು. ಮೇಜಿನ ನಡುವೆ ಬಿಳಿ ಕಾಗದ ಹಾಸಿ ಅದರ ಮೇಲೆ ಮಾತ್ರ ಚಿಮುಕಿಸಿದೆ. ಎರಡು ಹನಿ ಹಬ್ಬದ ಮೇಜುಬಟ್ಟೆಗೂ ಬಿತ್ತು. ಇವತ್ತಿಗೂ ಹೋಗಿಲ್ಲ.

ಅತ್ತೆಯ ಚಕ್ಕುಲಿ ಜೇಡರ ಬಲೆಯಾಯಿತು. ಕರಿ ಎಳ್ಳು ಜಾಸ್ತಿ ಹಾಕಿದ್ದಷ್ಟೇ ಬದಲಾವಣೆ. ಮಮ್ಮಿಗಳಿಗೆ, ಅಂದರೆ ಬಟ್ಟೆ ಸುತ್ತಿದ ಈಜಿಪ್ಟಿನ ಹೆಣಗಳಿಗೆ, ಆಲೂಗಡ್ಡೆ ಪಲ್ಯವನ್ನು ಉದ್ದುಂಡೆ ಮಾಡಿ ಫ್ರಿಜ್ಜಿನಲ್ಲಿಟ್ಟು, ಅಂಗಡಿಯ ಪಫ್ ಹಾಳೆಯನ್ನು ಬೆರಳಗಲದ ಪಟ್ಟಿ ಕೊಯ್ದು ಸುತ್ತಿ, 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಪ್ಪತ್ತು ನಿಮಿಷ. ಅಯ್ಯಂಗಾರ್ ಬೇಕರಿ ಪಫ್ಸ್‌ಗೆ ಬ್ಯಾಂಡೇಜು ಹಾಕಿದ ಹಾಗೆ. ಇದಕ್ಕೆ ಹೆಚ್ಚು ಹೇಳುವುದೇನಿಲ್ಲ, ಪಲ್ಯ ಒಣಗಿರಲಿ ಅಷ್ಟೇ.

ಫ್ರೀಜರಿನ ಕೈಯನ್ನು ನಾನು ಎಳೆದು ಕೆಡಿಸಿದೆ. ಕೈಗವಸನ್ನು ಬಿಚ್ಚುವ ಹಾಗೆ ಎಳೆದಾಗ ಕಿರುಬೆರಳು, ಉಂಗುರದ ಬೆರಳು ಟಪ್ ಅಂತ ಮುರಿದವು. ಕತ್ತರಿಯಲ್ಲಿ ಕೊಯ್ದು, ಉಗುರು ಬೆಚ್ಚಗಿನ ನೀರು ಬಿಟ್ಟು ಬಿಡಿಸಬೇಕಿತ್ತು. ಮೂರು ಬೆರಳಿನ ಕೈಯನ್ನೇ ಕೋಕಂ ಶರಬತ್ತಿಗೆ ಹಾಕಿದೆ, ಅತ್ತೆಯ ಕಡೆ ಮುರುಗಲು ಅನ್ನುತ್ತಾರಲ್ಲ ಅದು. ಮುರಿದ ಎರಡು ಬೆರಳು ಬೇರೆಯಾಗಿ ತೇಲುತ್ತಿದ್ದವು. ಇಡೀ ಸಂಜೆ ಹೆಚ್ಚು ಕಿರುಚಾಟ ಆದದ್ದು ಆ ಎರಡು ಬೆರಳಿಗೇ.

ಬಾಗಿಲಿಗೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ "ನಾಳೆ ಬಾ" ಅಂತ ಬರೆದೆ. 90ರ ದಶಕದಲ್ಲಿ ನಮ್ಮ ಬೀದಿಯಲ್ಲಿ ಎಷ್ಟೋ ಬಾಗಿಲುಗಳ ಮೇಲಿತ್ತು. ರಾತ್ರಿ ದೆವ್ವ ಬಂದು ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗಿಯಿತು. ಈ ಬರಹ ಓದಿ ವಾಪಸ್ ಹೋಗುತ್ತದೆ, ನಾಳೆ ಬಂದರೆ ಮತ್ತೆ ಅದೇ ಬರಹ. ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಿತ್ತು ಅನ್ನುವುದು ನಮ್ಮ ಹೆಮ್ಮೆ. ಕ್ಯಾಂಡಿ ಕೇಳಲು ಬಂದ ಎಡಿಸನ್ನಿನ ದೆವ್ವಗಳಿಗೆ ಬರಲಿಲ್ಲ, ಒಂದೂ ವಾಪಸ್ ಹೋಗಲಿಲ್ಲ. ಒಬ್ಬ ಕನ್ನಡದ ಅಪ್ಪ ಮಾತ್ರ ಮೆಟ್ಟಿಲ ಮೇಲೆ ನಿಂತು ಜೋರಾಗಿ ನಕ್ಕು ಫೋಟೋ ತೆಗೆದುಕೊಂಡರು.

ಹಣತೆಗಳದ್ದು ಸ್ವಲ್ಪ ಯೋಚನೆಯಾಯಿತು. ದೀಪಾವಳಿಗೆ ಮೆಟ್ಟಿಲ ಮೇಲೆ ಸಾಲು ದೀಪ ಇಡಬೇಕು, ಆದರೆ ನೆಲಕ್ಕೆ ಎಳೆಯುವ ನಿಲುವಂಗಿ ಹಾಕಿದ ಮಕ್ಕಳು ಅದೇ ಮೆಟ್ಟಿಲು ಹತ್ತುತ್ತಾರೆ. ಹಣತೆ ದೇವರ ಮನೆಗೆ, ಮೆಟ್ಟಿಲಿಗೂ ಕುಂಬಳಕ್ಕೂ ಬ್ಯಾಟರಿ ದೀಪ. ಕುಂಬಳದ ಪಕ್ಕ ಹಸಿರುನೀಲಿ ಬಣ್ಣ ಬಳಿದ ಇನ್ನೊಂದು ಪುಟ್ಟ ಕಾಯಿ. ತಿಂಡಿ ಒಗ್ಗದ ಮಕ್ಕಳಿಗೆ ಇಲ್ಲಿ ಪೆನ್ಸಿಲ್, ಸ್ಟಿಕರ್ ಸಿಗುತ್ತದೆ ಅಂತ ಅದರ ಅರ್ಥ.

ಊಟ ನಾಲ್ಕೂವರೆಗೇ. ಇದೂ ಹಿಂದಿನ ವರ್ಷದ ಪಾಠ. ಕ್ಯಾಂಡಿ ಚೀಲ ತುಂಬಿಕೊಂಡು ಬಂದವರಿಗೆ ಯಾವ ಇಡ್ಲಿಯೂ ಇಳಿಯುವುದಿಲ್ಲ. ಪರದೆ ಎಳೆದು ಕತ್ತಲೆ ಮಾಡಿದೆವು. ಸಿಹಿ ಅಂತ ದೇವರಿಗೆ ಮಾಡಿದ ಪಾಯಸ ಬಿಟ್ಟರೆ ಏನೂ ಮಾಡಲಿಲ್ಲ.

ಮಗ ಕಣ್ಣಿನ ತಟ್ಟೆಯನ್ನು ತುಂಬ ಹೊತ್ತು ನೋಡಿದ. ನನ್ನ ಎದೆ ಡವಗುಟ್ಟುತ್ತಿತ್ತು. "ಇದು ನಾನು ಬರೆದ ನರ" ಅಂದು ಒಂದು ಕಣ್ಣು ಎತ್ತಿ ಬಾಯಿಗೆ ಹಾಕಿಕೊಂಡ. ಆಮೇಲೆ ಪಕ್ಕದವನಿಗೆ ಯಾವ ಕಣ್ಣು ಯಾರದ್ದು ಅಂತ ವಿವರಿಸತೊಡಗಿದ. ಶಾವಿಗೆಗೆ ಆರೂ ಮಕ್ಕಳು ಒಟ್ಟಿಗೆ ನಿಂಬೆಹಣ್ಣು ಹಿಂಡಿದರು. ಹನಿ ಬಿದ್ದಲ್ಲೆಲ್ಲ ನೀಲಿ ಗುಲಾಬಿಯಾಗಿ ಹರಡಿತು, ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಂತರ ಎಲ್ಲರಿಗೂ ಇನ್ನೊಂದು ಹೋಳು ಬೇಕು. ಶಾವಿಗೆ ಹುಳಿಯೋ ಹುಳಿ ಆಯಿತು, ಆದರೂ ತಟ್ಟೆ ಕಾಲಿ. ಮಮ್ಮಿ ಎರಡು ಉಳಿದವು, ಬೆರಳು ಒಂದೂ ಇಲ್ಲ.

ಅತ್ತೆ ಕೊನೆಗೆ ಬ್ಯಾಟರಿ ದೀಪವೊಂದನ್ನು ಗದ್ದದ ಕೆಳಗೆ ಹಿಡಿದು ತಮ್ಮ ಊರಿನ ಅಡಿಕೆ ತೋಟದ ಕೊಳ್ಳಿದೆವ್ವದ ಕಥೆ ಹೇಳಿದರು. ಕನ್ನಡ ಬರದ ಇಬ್ಬರಿಗೆ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಅಜ್ಜಿ ಹೇಳಿದ್ದಕ್ಕಿಂತ ನಾಲ್ಕು ಹೆಣ ಜಾಸ್ತಿ ಹಾಕಿ. ಹಬ್ಬದ ದಿನ ದೆವ್ವ ಯಾಕೆ ಅಂದವರು ಇವರೇನಾ ಅಂತ ನಾನು ಸಾರಿನ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡೆ.

ನವೆಂಬರ್ 1, ಶುಕ್ರವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಫೋನು. ಊಟಕ್ಕೆ ಬಂದಿದ್ದ ನಾಲ್ಕು ವರ್ಷದ ಹುಡುಗನ ಅಮ್ಮ, ದನಿ ನಡುಗುತ್ತಿತ್ತು. ಮಗು ಬಚ್ಚಲಿಗೆ ಹೋಗಿ ಬಂತಂತೆ, ಎಲ್ಲ ಕೆಂಪಂತೆ, ಡಾಕ್ಟರಿಗೆ ಫೋನ್ ಮಾಡುತ್ತಿದ್ದೇನೆ, ನಿನ್ನೆ ಏನಾದರೂ ಬಿದ್ದನಾ, ಪೆಟ್ಟಾಯಿತಾ?

"ಬೀಟ್ರೂಟ್ ಸಾರು" ಅಂದೆ. "ಮೂರು ಸಲ ಹಾಕಿಸಿಕೊಂಡ."